ಹೆಬ್ಬಾವು ಮತ್ತು ಅದರ ಹೆಸರಿನ ಪಾಲುದಾರರು

ಕುಂದಾಪುರದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟು ಹೊಳೆಯನ್ನು ದಾಟಿದವರಿಗೆ ತಲ್ಲೂರು ದೊರೆಯುತ್ತದೆ. ಗದ್ದೆಯ ಬಯಲು, ತೆಂಗಿನ ತೋಟ, ಹಿನ್ನೀರಿನ ಅಂಚು, ನಡುನಡುವೆ ಹಾಡಿ: ಇಲಿ ಹೆಗ್ಗಣಗಳಿಗೆ ಅನುಕೂಲವಾದ ಈ ನೆಲವು ಅವುಗಳನ್ನು ತಿಂದು ಬದುಕುವ ಹಾವುಗಳಿಗೂ ಅಷ್ಟೇ ಅನುಕೂಲವಾದುದು. ಕೆಲವು ವರ್ಷಗಳ ಹಿಂದೆ, ಮುಂಗಾರು ಹಿಡಿದ ಮೊದಲ ವಾರಗಳಲ್ಲಿ, ನಾವು ಆ ಊರಿನ ಒಂದು ಮನೆಯಲ್ಲಿದ್ದೆವು. ಬಚ್ಚಲುಮನೆಯ ಹಿಂದಿನ ಸೌದೆಯ ರಾಶಿಯಲ್ಲಿ ಮೊಳಕ್ಕಿಂತ ಕೊಂಚ ಉದ್ದದ ದಪ್ಪನೆಯ ಹಾವೊಂದು ಸುರುಳಿ ಸುತ್ತಿ ಮಲಗಿತ್ತು. ಹುಡುಗರು ಅದನ್ನು ಹೆಬ್ಬಾವಿನ ಮರಿಯೆಂದು ನಿರ್ಧರಿಸಿ, ವಿಷವಿಲ್ಲದ ಹಾವಾದುದರಿಂದ ಕೈಯಲ್ಲಿಯೇ ಎತ್ತಿ ಹಾಡಿಗೆ ಬಿಡುವ ಸನ್ನಾಹದಲ್ಲಿದ್ದರು. ಅಷ್ಟರಲ್ಲಿ ಹೊರಬಂದ ಆ ಮನೆಯ ಅಜ್ಜಿ ಒಮ್ಮೆ ನೋಡಿ, "ಮುಟ್ಬೇಡಿ ಮಕ್ಳೇ, ಅದ್ ಮಂಡ್ಲದ್ ಹಾವ್" ಎಂದು ತಡೆದರು. ಅವರ ಮಾತು ನಿಜವಾಗಿತ್ತು. ಅದು ಕೊಳಕುಮಂಡಲ.

ಇದಾದ ಕೆಲವು ದಿನಗಳ ಮೇಲೆ ತರಗತಿಯಲ್ಲಿ ನಾವು ವಿದ್ಯಾರ್ಥಿಗಳನ್ನು 'ಪೈಥಾನ್' ಎಂದರೇನೆಂದು ಕೇಳಿದೆವು. ಅರ್ಧಕ್ಕಿಂತ ಹೆಚ್ಚು ಮಂದಿ ಗಣಕಯಂತ್ರದ ಭಾಷೆಯೆಂದರು; ಉಳಿದವರು ಹಾವೆಂದರು. ಎರಡು ಉತ್ತರಗಳೂ ಸರಿಯೇ. ಆದರೆ ಒಂದೇ ಹೆಸರು ಇಷ್ಟು ದೂರದ ಎರಡು ವಸ್ತುಗಳಿಗೆ ಹೇಗೆ ಸೇರಿತೆಂಬುದನ್ನು ಯಾರೂ ಯೋಚಿಸಿರಲಿಲ್ಲ. ಹೆಸರು ವಸ್ತುವಿನೊಡನೆ ಹುಟ್ಟಿ ವಸ್ತುವಿನೊಡನೆಯೇ ಇರುತ್ತದೆಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಚರಿತ್ರೆಯ ಅನುಭವ ಇದಕ್ಕೆ ವಿರುದ್ಧವಾದುದು. ಹೆಸರುಗಳು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸರಿಯುತ್ತವೆ. ಆದುದರಿಂದ ಹಳೆಯ ಹೆಸರೊಂದನ್ನು ಕಂಡಾಗ ಅದು ಆ ಕಾಲದಲ್ಲಿ, ಆ ಸ್ಥಳದಲ್ಲಿ ಯಾವುದನ್ನು ಸೂಚಿಸುತ್ತಿತ್ತೆಂದು ಪರೀಕ್ಷಿಸುವುದು ಚರಿತ್ರಕಾರನ ಮೊದಲ ಕೆಲಸ. ಹೆಬ್ಬಾವಿನ ಹೆಸರುಗಳನ್ನು ನಿದರ್ಶನವಾಗಿಟ್ಟುಕೊಂಡು ಈ ವಿಚಾರವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪ್ರಾಣಿ

ಹೆಸರುಗಳನ್ನು ವಿಚಾರಿಸುವ ಮೊದಲು ಪ್ರಾಣಿಯ ಪರಿಚಯ ಅಗತ್ಯ. ನಮ್ಮ ಕಾಡು ಗದ್ದೆಗಳ ಹೆಬ್ಬಾವನ್ನು ಪ್ರಾಣಿಶಾಸ್ತ್ರಜ್ಞರು 'ಪೈಥಾನ್ ಮೊಲುರಸ್' ಎಂದು ಕರೆಯುತ್ತಾರೆ. ಬೆಳೆದ ಹಾವು ಸಾಮಾನ್ಯವಾಗಿ ಹತ್ತು ಅಡಿಗಳ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಬಹಳ ಉದ್ದವಾದವು ವಿರಳ. ಇದಕ್ಕೆ ವಿಷವಿಲ್ಲ. ಹಿಂದಕ್ಕೆ ಬಾಗಿದ ಹಲ್ಲುಗಳಿಂದ ಬೇಟೆಯನ್ನು ಕಚ್ಚಿ ಹಿಡಿದು, ಮೈಯಿಂದ ಸುತ್ತಿ, ಬಿಗಿದು ಕೊಲ್ಲುತ್ತದೆ. ಹೀಗೆ ಬಿಗಿದಾಗ ಬೇಟೆಯು ಉಸಿರುಕಟ್ಟಿ ಸಾಯುತ್ತದೆಂದು ಬಹುಕಾಲ ಬರೆಯಲಾಗುತ್ತಿತ್ತು. ಇದೇ ರೀತಿ ಬೇಟೆಯಾಡುವ ಅಮೆರಿಕದ ಬೋವಾ ಹಾವಿನ ಮೇಲೆ ನಡೆಸಿ ೨೦೧೫ರಲ್ಲಿ ಪ್ರಕಟಿಸಿದ ಪ್ರಯೋಗವು, ಬಿಗಿತದಿಂದ ರಕ್ತಸಂಚಾರವೇ ಕೆಲವು ಕ್ಷಣಗಳಲ್ಲಿ ಕುಸಿಯುತ್ತದೆಂಬುದನ್ನು ತೋರಿಸಿತು.

ಹೆಬ್ಬಾವಿನ ತುಟಿಗಳ ಅಂಚಿನಲ್ಲಿ ಸಣ್ಣ ಗುಳಿಗಳಿವೆ. ಬಿಸಿರಕ್ತದ ಪ್ರಾಣಿಯ ಮೈಕಾವನ್ನು ಅವು ಕತ್ತಲೆಯಲ್ಲಿಯೂ ಗ್ರಹಿಸುತ್ತವೆ. ಮಲದ್ವಾರದ ಎರಡು ಬದಿಗಳಲ್ಲಿ ಉಗುರಿನಂಥ ಚಿಕ್ಕ ಮುಳ್ಳುಗಳಿವೆ. ಇವು ಹಾವುಗಳ ಪೂರ್ವಜರಿಗಿದ್ದ ಹಿಂಗಾಲುಗಳ ಅವಶೇಷಗಳು. ವಾಸಕ್ಕೆ ಹೆಬ್ಬಾವು ತಾನೇ ಬಿಲ ತೋಡುವುದಿಲ್ಲ. ರಾಜಸ್ಥಾನದ ಭರತಪುರದ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ಭೂಪತಿ ಮತ್ತು ವಿಜಯನ್ ಅವರು ನಡೆಸಿ ೧೯೮೯ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಹಾವಿನ ಜೀವನಕ್ರಮವನ್ನು ಕುರಿತ ಮುಖ್ಯ ಆಧಾರಗಳಲ್ಲೊಂದು. ಅಲ್ಲಿ ಮುಳ್ಳುಹಂದಿ ತೋಡಿದ ಬಿಲಗಳೇ ಹೆಬ್ಬಾವಿಗೆ ಆಶ್ರಯ.

ಬೇಸಗೆಯಲ್ಲಿ ಮೊಟ್ಟೆಯಿಟ್ಟ ಹೆಣ್ಣು ಹಾವು ಮೊಟ್ಟೆಗಳನ್ನು ಬಿಟ್ಟುಹೋಗದೆ ಅವುಗಳ ಸುತ್ತ ಸುರುಳಿಯಾಗಿ ಮಲಗಿ ಕಾವು ಕೊಡುತ್ತದೆ. ತಣ್ಣನೆಯ ರಕ್ತದ ಪ್ರಾಣಿ ಕಾವು ಕೊಡುವುದೆಂದರೆ ವಿರೋಧಾಭಾಸವೆಂದು ತೋರಬಹುದು. ಪ್ಯಾರಿಸಿನ ಮೃಗಶಾಲೆಯಲ್ಲಿದ್ದ ಹೆಬ್ಬಾವಿನ ಮೈ ಮೊಟ್ಟೆಯ ಮೇಲೆ ಕುಳಿತಾಗ ಸುತ್ತಲಿನ ಗಾಳಿಗಿಂತ ಬೆಚ್ಚಗಾಗುವುದನ್ನು ವ್ಯಾಲೆನ್ಸಿಯೆನ್ಸ್ ಎಂಬ ವಿಜ್ಞಾನಿ ೧೮೪೧ರಲ್ಲಿಯೇ ವರದಿ ಮಾಡಿದ್ದನು. ಸ್ನಾಯುಗಳನ್ನು ಮತ್ತೆ ಮತ್ತೆ ನಡುಗಿಸುವ ಮೂಲಕ ಹಾವು ಆ ಕಾವನ್ನು ಉತ್ಪಾದಿಸುತ್ತದೆಂಬುದು ನ್ಯೂಯಾರ್ಕಿನಲ್ಲಿ ನಡೆದು ೧೯೬೬ರಲ್ಲಿ ಪ್ರಕಟವಾದ ಪ್ರಯೋಗದಿಂದ ಸ್ಥಿರಪಟ್ಟಿತು. ಸುಮಾರು ಎರಡು ತಿಂಗಳ ಮೇಲೆ, ಮುಂಗಾರಿನ ಮೊದಲ ಭಾಗದಲ್ಲಿ, ಮರಿಗಳು ಹೊರಬರುತ್ತವೆ. ಈ ಕಾಲವನ್ನು ವಾಚಕರು ನೆನಪಿನಲ್ಲಿಡಬೇಕು.

೨. ನಮ್ಮ ನುಡಿಗಳಲ್ಲಿ

ಕನ್ನಡದ 'ಹೆಬ್ಬಾವು' ಎಂಬ ಮಾತು ತನ್ನ ವಯಸ್ಸನ್ನು ತಾನೇ ಹೇಳುತ್ತದೆ. 'ಪಿರಿದು' ಎಂಬುದರ ಸಮಾಸರೂಪವಾದ 'ಪೆರ್' ಮತ್ತು 'ಪಾವು' ಕೂಡಿ 'ಪೆರ್ಬಾವು' ಆಯಿತು. ಮುಂದೆ ಪಕಾರವು ಹಕಾರವಾಗಿ 'ಹೆಬ್ಬಾವು' ಆಯಿತು. ಪದದ ಮೊದಲ ಪಕಾರವು ಹಕಾರವಾಗುವ ವ್ಯತ್ಯಾಸವು ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಕ್ರಮೇಣ ಹೆಚ್ಚಾಗಿ ಕಾಣುತ್ತದೆ: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು. ಆದರೆ ಹೆಬ್ಬಾವಿನ ಎರಡನೆಯ ಭಾಗದಲ್ಲಿ 'ಹಾವು' ಇಲ್ಲ, 'ಬಾವು' ಇದೆ. ಹೆಬ್ಬುಲಿಯಲ್ಲಿಯೂ 'ಹುಲಿ' ಇಲ್ಲ, 'ಬುಲಿ' ಇದೆ. ಪಾವು ಇನ್ನೂ ಪಾವಾಗಿದ್ದ ಕಾಲದಲ್ಲಿಯೇ ಈ ಸಮಾಸ ರೂಢವಾಗಿದ್ದುದರಿಂದ ಒಳಗಿನ ಪಕಾರವು ಬಕಾರವಾಗಿ ಉಳಿದುಕೊಂಡಿತೆಂದು ಊಹಿಸಬಹುದು. ಹಾಗಾದರೆ ಈ ಹೆಸರಿಗೆ ಸಾವಿರ ವರ್ಷಗಳಿಗೆ ಕಡಿಮೆಯಿಲ್ಲದ ವಯಸ್ಸು.

ನೆರೆಯ ನುಡಿಗಳೂ ಇದೇ ಹಾದಿಯಲ್ಲಿವೆ. ತುಳುವರು ಇದನ್ನು 'ಪೆರ್ಮರಿ' ಎನ್ನುತ್ತಾರೆ. ಕಾಸರಗೋಡಿನ ಕನ್ನಡಿಗರ ನೆರೆಯವರಾದ ಮಲಯಾಳಿಗಳಿಗೆ ಇದು 'ಪೆರುಂಬಾಂಬು', ಅಂದರೆ ದೊಡ್ಡ ಹಾವು. ತಮಿಳರ 'ಮಲೈಪ್ಪಾಂಬು' ಮತ್ತು ತೆಲುಗರ 'ಕೊಂಡಚಿಲುವ' ಇದನ್ನು ಬೆಟ್ಟದ ಹಾವೆಂದು ಗುರುತಿಸುತ್ತವೆ. ದ್ರಾವಿಡ ಭಾಷಿಕರು ಹಾವಿನ ಗಾತ್ರವನ್ನೋ ನೆಲೆಯನ್ನೋ ನೋಡಿ ಹೆಸರಿಟ್ಟರೆ, ಸಂಸ್ಕೃತ ಭಾಷಿಕರು ಅದರ ಆಹಾರವನ್ನು ನೋಡಿ ಹೆಸರಿಟ್ಟರು. 'ಅಜಗರ' ಎಂದರೆ ಆಡನ್ನು ನುಂಗುವುದು. ಈ ಮಾತು ಅಥರ್ವವೇದದಲ್ಲಿಯೇ ದೊರೆಯುತ್ತದೆ.

ಮಹಾಭಾರತದ ವನಪರ್ವದಲ್ಲಿ ಅಗಸ್ತ್ಯನ ಶಾಪದಿಂದ ಅಜಗರನಾದ ನಹುಷನು ಭೀಮನನ್ನು ಸುತ್ತಿ ಹಿಡಿಯುತ್ತಾನೆ; ಧರ್ಮರಾಯನು ಬಂದು, ಬ್ರಾಹ್ಮಣ್ಯವು ಶೀಲದಿಂದಲೇ ಹೊರತು ಜನ್ಮದಿಂದಲ್ಲವೆಂದು ಉತ್ತರಿಸಿ ತಮ್ಮನನ್ನು ಬಿಡಿಸುತ್ತಾನೆ. ಬಲಭೀಮನನ್ನೂ ಅಲುಗಾಡದಂತೆ ಮಾಡಬಲ್ಲ ಬಿಗಿತವು ಕವಿಗೆ ತಿಳಿದಿತ್ತು. ಭಾಗವತದ ಏಳನೆಯ ಸ್ಕಂಧದಲ್ಲಿ ಪ್ರಹ್ಲಾದನು ಕಾಣುವ ಮುನಿಯು, ತಾನಾಗಿ ಬಂದುದನ್ನು ಉಂಡು, ಬಾರದಿದ್ದರೆ ಸುಮ್ಮನೆ ಮಲಗುವ ತನ್ನ ನಡತೆಯನ್ನು ಅಜಗರದಿಂದ ಕಲಿತುದಾಗಿ ಹೇಳುತ್ತಾನೆ. ಹೀಗೆ ಹೆಬ್ಬಾವಿನ ಹೆಸರು ಒಂದು ವ್ರತಕ್ಕೂ ಸಂದಿತು. ನಮ್ಮ ಆಡುಮಾತಿನಲ್ಲಿ ಮಾತ್ರ 'ಹೆಬ್ಬಾವಿನಂತೆ ಬಿದ್ದುಕೊಂಡಿದ್ದಾನೆ' ಎಂದರೆ ಸೋಮಾರಿಯೆಂದು ಅರ್ಥ. ಮುನಿಗೆ ವೈರಾಗ್ಯವಾಗಿ ಕಂಡುದೂ ಊರವರಿಗೆ ಮೈಗಳ್ಳತನವಾಗಿ ಕಂಡುದೂ ಒಂದೇ ಸ್ವಭಾವ: ಹೊಂಚು ಹಾಕಿ ಕಾಯುವುದು, ಒಮ್ಮೆ ಉಂಡು ಬಹುದಿನ ಉಪವಾಸವಿರುವುದು.

ಕರಾವಳಿಯ ನಾಗಬನಗಳಲ್ಲಿ ಪೂಜೆಗೊಳ್ಳುವ ಕಲ್ಲುಗಳಲ್ಲಿ ಕೆತ್ತಿರುವುದು ಹೆಡೆಯೆತ್ತಿದ ನಾಗನನ್ನು. ಹೆಡೆಯಿಲ್ಲದ ಹೆಬ್ಬಾವಿಗೆ ಆ ಗೌರವದಲ್ಲಿ ಪಾಲಿಲ್ಲ. ಆದರೂ ಬನದ ಮರಗಿಡಗಳನ್ನು ಕಡಿಯಬಾರದೆಂಬ ನಿಯಮದ ನೆರಳು ಅದಕ್ಕೂ ದೊರೆಯುತ್ತದೆ.

೩. ಯವನರ ಹೆಸರು

ಇನ್ನು 'ಪೈಥಾನ್' ಎಂಬ ಹೆಸರನ್ನು ವಿಚಾರಿಸೋಣ. ಗ್ರೀಸಿನ ಡೆಲ್ಫಿ ಎಂಬ ಕ್ಷೇತ್ರದ ಹಳೆಯ ಹೆಸರು 'ಪೈಥೋ'. ಅಪೊಲೊ ದೇವನು ಅಲ್ಲಿ ಒಂದು ಘೋರಸರ್ಪವನ್ನು ಕೊಂದನೆಂದೂ, ಅದರ ಶವವು ಬಿಸಿಲಿಗೆ ಕೊಳೆತುದರಿಂದ ಆ ಸ್ಥಳಕ್ಕೆ ಈ ಹೆಸರು ಬಂದಿತೆಂದೂ ಹೋಮರನ ಹೆಸರಿನಲ್ಲಿ ಪ್ರಚಾರದಲ್ಲಿರುವ ಅಪೊಲೊಸ್ತೋತ್ರವು ಹೇಳುತ್ತದೆ. ಗ್ರೀಕ್ ಭಾಷೆಯಲ್ಲಿ ಕೊಳೆಯುವುದಕ್ಕೆ ಹತ್ತಿರದ ಧ್ವನಿಯುಳ್ಳ ಧಾತುವಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಸ್ತೋತ್ರದಲ್ಲಿ ಸರ್ಪವು ಹೆಣ್ಣು. ಅದಕ್ಕೆ ಹೆಸರೇ ಇಲ್ಲ. ಹೆಸರಿರುವುದು ಸ್ಥಳಕ್ಕೆ. ಸರ್ಪಕ್ಕೆ 'ಪೈಥಾನ್' ಎಂಬ ಹೆಸರು ಕೂಡಿದುದು ಮುಂದಿನ ಕಥೆಗಳಲ್ಲಿ.

ಆ ಸ್ಥಳನಾಮದಿಂದಲೇ ಡೆಲ್ಫಿಯಲ್ಲಿ ದೇವವಾಣಿ ನುಡಿಯುತ್ತಿದ್ದ ಪೂಜಾರಿಣಿಯು 'ಪೈಥಿಯಾ' ಎನಿಸಿದಳು. ಅಲ್ಲಿನ ಕ್ರೀಡೋತ್ಸವಗಳು 'ಪೈಥಿಯನ್' ಎನಿಸಿದವು. ಶಾಲೆಯಲ್ಲಿ ನಾವೆಲ್ಲ ಯಾರ ಪ್ರಮೇಯವನ್ನು ಬಾಯಿಪಾಠ ಮಾಡಿದೆವೋ ಆ ಪೈಥಾಗೊರಸನ ಹೆಸರಿನ ಮೊದಲ ಭಾಗವನ್ನೂ ಪ್ರಾಚೀನರು ಡೆಲ್ಫಿಯ ಈ ದೇವವಾಣಿಗೆ ಸಂಬಂಧಿಸಿ ವಿವರಿಸಿದರು. ಕ್ರಿ. ಪೂ. ೪೭೯ರಲ್ಲಿ ಪ್ಲಟೀಯದ ಯುದ್ಧದಲ್ಲಿ ಪಾರಸಿಕರನ್ನು ಗೆದ್ದ ಗ್ರೀಕರು ಮೂರು ಹಾವುಗಳು ಹೆಣೆದುಕೊಂಡ ಕಂಚಿನ ಸ್ತಂಭವೊಂದನ್ನು ಡೆಲ್ಫಿಯಲ್ಲಿ ನಿಲ್ಲಿಸಿದರು. ಕಾನ್‌ಸ್ಟಂಟೈನ್ ಚಕ್ರವರ್ತಿಯು ಅದನ್ನು ತನ್ನ ಹೊಸ ರಾಜಧಾನಿಗೆ ಸಾಗಿಸಿದನು. ತಲೆಗಳನ್ನು ಕಳೆದುಕೊಂಡ ಆ ಸ್ತಂಭವು ಇಸ್ತಾಂಬುಲಿನಲ್ಲಿ ಈಗಲೂ ನಿಂತಿದೆ.

ವಿಚಿತ್ರವೆಂದರೆ, ಗ್ರೀಸಿನ ಕಾಡುಗಳಲ್ಲಿ ಹೆಬ್ಬಾವೇ ಇಲ್ಲ. ನಿಜವಾದ ಹೆಬ್ಬಾವಿನ ವಾರ್ತೆ ಗ್ರೀಕರಿಗೆ ಭಾರತದಿಂದ ತಲಪಿತು. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದ ಮೆಗಾಸ್ತನೀಸನು, ಭಾರತದಲ್ಲಿ ಜಿಂಕೆಗಳನ್ನೂ ಗೂಳಿಗಳನ್ನೂ ಇಡಿಯಾಗಿ ನುಂಗುವ ಹಾವುಗಳಿವೆಯೆಂದು ಬರೆದುದನ್ನು ರೋಮಿನ ಪ್ಲಿನಿಯು ಉದ್ಧರಿಸಿದ್ದಾನೆ. ಜಿಂಕೆಯ ಮಾತು ನಂಬಲರ್ಹ. ಗೂಳಿಯ ಮಾತು ಅತಿಶಯೋಕ್ತಿ. ಆದರೆ ಮೆಗಾಸ್ತನೀಸನ ಹಾವಿಗೂ ಡೆಲ್ಫಿಯ ಹೆಸರಿಗೂ ಆಗ ಯಾವ ನಂಟೂ ಇರಲಿಲ್ಲ.

೪. ವಿಜ್ಞಾನದ ನಾಮಕರಣ

ಆ ನಂಟು ಕೂಡಿಬಂದುದು ಎರಡು ಸಾವಿರ ವರ್ಷಗಳ ಮೇಲೆ. ಸ್ವೀಡನ್ನಿನ ಲಿನೇಯಸನು ೧೭೫೮ರಲ್ಲಿ ನಮ್ಮ ಹೆಬ್ಬಾವನ್ನು 'ಕೊಲ್ಯೂಬರ್ ಮೊಲುರಸ್' ಎಂದು ಕರೆದು ಸಾಮಾನ್ಯ ಹಾವುಗಳ ಸಾಲಿಗೆ ಸೇರಿಸಿದ್ದನು. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಕೋರಮಂಡಲ ತೀರದ ಹಾವುಗಳನ್ನು ಕುರಿತು ೧೭೯೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು 'ಪೆದ್ದ ಪೊಡ' ಎಂಬ ಅಲ್ಲಿನ ಜನರ ಹೆಸರಿನಿಂದಲೇ ನಮೂದಿಸಿದನು. ೧೮೦೩ರಲ್ಲಿ ಫ್ರಾನ್ಸಿನ ದೋದಾನ್ ಎಂಬ ವಿದ್ವಾಂಸನು ಈ ಹಾವುಗಳಿಗೆ ಪ್ರತ್ಯೇಕವಾದ ಕುಲವೊಂದನ್ನು ಕಲ್ಪಿಸಿ, ಗ್ರೀಕ್ ಪುರಾಣದಿಂದ 'ಪೈಥಾನ್' ಎಂಬ ಹೆಸರನ್ನು ಎತ್ತಿಕೊಟ್ಟನು. ಹೀಗೆ ಹೆಬ್ಬಾವಿಲ್ಲದ ನಾಡಿನ ಸ್ಥಳನಾಮವು ಹೆಬ್ಬಾವಿಗೆ ಸಂದಿತು.

ವಿಜ್ಞಾನಿಗಳ ಹೆಸರುಗಳೂ ಸ್ಥಿರವಲ್ಲ. ೧೯೬೬ರ ಕಾವಿನ ಪ್ರಯೋಗವು ಆಗ 'ಭಾರತದ ಹೆಬ್ಬಾವಿನ' ಮೇಲೆ ನಡೆದುದೆಂದು ಪ್ರಕಟವಾಗಿತ್ತು. ಪ್ರಯೋಗದ ಹಾವು ಆ ಕಾಲದ ಎಣಿಕೆಯಂತೆ ಭಾರತದ ಹೆಬ್ಬಾವಿನ 'ಬೈವಿಟೇಟಸ್' ಎಂಬ ಉಪಜಾತಿಗೆ ಸೇರಿದುದು. ೨೦೦೯ರಲ್ಲಿ ಅದನ್ನು ಸ್ವತಂತ್ರ ಜಾತಿಯಾಗಿ ಪ್ರತ್ಯೇಕಿಸಲಾಯಿತು. ಈಗ ಅದು ಬರ್ಮಾದ ಹೆಬ್ಬಾವು. ಅಮೆರಿಕದ ಫ್ಲೋರಿಡಾದಲ್ಲಿ, ಸಾಕಿದವರ ಕೈತಪ್ಪಿ ಕಾಡು ಸೇರಿ ಅಲ್ಲಿನ ಪ್ರಾಣಿಗಳಿಗೆ ಮಾರಿಯಾಗಿ ಪರಿಣಮಿಸಿರುವುದೂ ಈ ಬರ್ಮಾದ ಹೆಬ್ಬಾವೇ. ಹಳೆಯ ಬರವಣಿಗೆಯ ಹೆಸರನ್ನು ಮಾತ್ರ ನೋಡಿದವನು ಅದರ ಅಪರಾಧವನ್ನು ತಲ್ಲೂರಿನ ಹಾವಿನ ಮೇಲೆ ಹೊರಿಸುವ ಸಂಭವವುಂಟು. ಇಂಥ ತೊಡಕು ಪ್ರಾಚ್ಯವಿದ್ವಾಂಸರನ್ನೂ ಬಿಟ್ಟಿಲ್ಲ. ೧೯೧೨ರಲ್ಲಿ ಮ್ಯಾಕ್‌ಡೊನೆಲ್ ಮತ್ತು ಕೀತ್ ಅವರು ಹೊರತಂದ ವೇದನಾಮಗಳ ಕೋಶದಲ್ಲಿ 'ಅಜಗರ'ಕ್ಕೆ ಬೋವಾ ಹಾವೆಂದು ಅರ್ಥ ಹೇಳಿದೆ. ಅದು ಅಮೆರಿಕ ಖಂಡದ ಹಾವು. ಅಥರ್ವವೇದದ ಋಷಿಯು ಅದನ್ನು ಕಂಡಿರಲು ಸಾಧ್ಯವಿಲ್ಲ.

೫. ಇತರ ಪಾಲುದಾರರು

ಪ್ರಾಣಿಗೆ ಸಂದ ಮೇಲೆಯೂ ಹೆಸರು ಅಲ್ಲಿಗೇ ನಿಲ್ಲಲಿಲ್ಲ. ಅಮೆರಿಕದಲ್ಲಿ ೧೯೫೫ರಲ್ಲಿ ತಯಾರಾದ ಕೋಲ್ಟ್ ರಿವಾಲ್ವರೊಂದು 'ಪೈಥಾನ್' ಎನಿಸಿತು. ಇಸ್ರೇಲಿನ ರಫೇಲ್ ಸಂಸ್ಥೆಯ ಕ್ಷಿಪಣಿಗಳಿಗೂ ಇದೇ ಹೆಸರು. ಅವುಗಳಲ್ಲಿ ಐದನೆಯದನ್ನು ನಮ್ಮ ತೇಜಸ್ ವಿಮಾನಕ್ಕೆ ಜೋಡಿಸಿ ೨೦೨೧ರ ಏಪ್ರಿಲ್‌ನಲ್ಲಿ ಗೋವಾದ ಕಡಲತೀರದಲ್ಲಿ ಪರೀಕ್ಷಿಸಲಾಯಿತು. ಇವುಗಳಿಗೆ ಹೆಸರು ದೊರೆತುದು ಹಾವಿನ ಬಲದ ನೆನಪಿನಿಂದ ಎನ್ನಬಹುದು.

ಗಣಕಯಂತ್ರದ ಭಾಷೆಯ ವಿಷಯ ಹಾಗಲ್ಲ. ಹಾಲೆಂಡಿನ ಗೀಡೊ ವಾನ್ ರಾಸಮ್ ಎಂಬವರು ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಶೋಧನ ಕೇಂದ್ರದಲ್ಲಿದ್ದಾಗ ೧೯೮೯ರ ಕೊನೆಯಲ್ಲಿ ಅದನ್ನು ರಚಿಸತೊಡಗಿ ೧೯೯೧ರಲ್ಲಿ ಹೊರತಂದರು. ಹೆಸರನ್ನು ಆರಿಸುವಾಗ ಅವರ ಮನಸ್ಸಿನಲ್ಲಿ ಹಾವಿರಲಿಲ್ಲ. ಬಿ.ಬಿ.ಸಿ. ದೂರದರ್ಶನದಲ್ಲಿ ೧೯೬೯ರಿಂದ ೧೯೭೪ರ ವರೆಗೆ ಪ್ರಸಾರವಾದ 'ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್' ಎಂಬ ಹಾಸ್ಯಮಾಲಿಕೆಯಿಂದ ಆ ಹೆಸರನ್ನು ತೆಗೆದುಕೊಂಡರು. ಆದರೂ ಮುಂದೆ ಆ ಭಾಷೆಯ ಲಾಂಛನದಲ್ಲಿ ಎರಡು ಹಾವುಗಳು ಬಂದು ಸೇರಿದವು. ಹೊರದಬ್ಬಿದ ಅರ್ಥವು ಹಿತ್ತಿಲ ಬಾಗಿಲಿನಿಂದ ಒಳಬಂದುದಕ್ಕೆ ಇದೊಂದು ನಿದರ್ಶನ.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ನಿದರ್ಶನವು ನಮ್ಮ ಶುಂಠಿಯ ಗದ್ದೆಗಳಲ್ಲಿದೆ. ಶುಂಠಿಯ ಗಡ್ಡೆಯನ್ನು ಕೊಳೆಸಿ ಮಲೆನಾಡಿನ ಕೃಷಿಕರನ್ನು ಕಂಗೆಡಿಸುವ ಸೂಕ್ಷ್ಮಜೀವಿಯ ಕುಲಕ್ಕೆ 'ಪಿಥಿಯಂ' ಎಂದು ಹೆಸರು. ೧೮೫೮ರಲ್ಲಿ ಜರ್ಮನಿಯ ಪ್ರಿಂಗ್ಸ್‌ಹೈಮ್ ಇಟ್ಟುದು. ಇದಕ್ಕೂ ಹಾವಿಗೂ ಸಂಬಂಧವಿಲ್ಲ. ಕೊಳೆಯುವುದೆಂಬ ಗ್ರೀಕ್ ಧಾತುವೇ ಇದರ ಮೂಲ. ಡೆಲ್ಫಿಯ ಕಥೆಯಲ್ಲಿ ಕೂಡಿದ್ದ ಹಾವು ಮತ್ತು ಕೊಳೆ ಎಂಬ ಎರಡು ಅರ್ಥಗಳಲ್ಲಿ ಒಂದು ಹಾವಿನ ಕುಲಕ್ಕೂ ಮತ್ತೊಂದು ಕೊಳೆರೋಗದ ಕುಲಕ್ಕೂ ಹಂಚಿಹೋದವು.

೬. ಹೆಸರು ತಪ್ಪಿದಾಗ

ಇಷ್ಟರವರೆಗೆ ವಿವರಿಸಿದ ಗೊಂದಲಗಳಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಈಗ ತಲ್ಲೂರಿನ ಸೌದೆರಾಶಿಗೆ ಮರಳೋಣ.

ಸುಶ್ರುತ ಸಂಹಿತೆಯ ಕಲ್ಪಸ್ಥಾನವು ಹಾವುಗಳನ್ನು ಹೆಡೆಯುಳ್ಳ ದರ್ವೀಕರ, ಬಳೆಯಂಥ ಮಚ್ಚೆಗಳುಳ್ಳ ಮಂಡಲಿ, ಗೆರೆಗಳುಳ್ಳ ರಾಜಿಮಂತ, ವಿಷವಿಲ್ಲದ ನಿರ್ವಿಷ ಎಂಬಿವೇ ಮೊದಲಾದ ವರ್ಗಗಳಾಗಿ ವಿಂಗಡಿಸಿದೆ. ಅಜಗರವನ್ನು ಅದು ನಿರ್ವಿಷಗಳಲ್ಲಿ ಎಣಿಸಿದೆ. ವಿಷವೈದ್ಯವು ಕನ್ನಡದಲ್ಲಿಯೂ ಬೆಳೆದ ಶಾಸ್ತ್ರ. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ಅದಕ್ಕೆಂದೇ ಮೀಸಲಾದ ಗ್ರಂಥ. ನಮ್ಮ ಅಜ್ಜಿಯರ ಬಾಯಿಯಲ್ಲಿರುವ 'ಮಂಡಲ'ವು ಸುಶ್ರುತನ 'ಮಂಡಲಿ'ಯ ನೇರ ಸಂತತಿ. ಕಚ್ಚಿದ ಭಾಗವು ಕೊಳೆಯುವುದರಿಂದ 'ಕೊಳಕು' ಎಂಬ ವಿಶೇಷಣ ಕೂಡಿತೆಂದು ಜನರು ವಿವರಿಸುತ್ತಾರೆ. ಕೊಳೆಯ ಹೆಸರನ್ನು ಯವನರ ಕಥೆ ಹೆಬ್ಬಾವಿಗೆ ಕೊಟ್ಟರೆ, ಕನ್ನಡವು ಅದನ್ನು ನಿಜವಾಗಿ ಮೈಯನ್ನು ಕೊಳೆಸುವ ಹಾವಿಗೇ ಕೊಟ್ಟಿತು.

ಎರಡು ಹಾವುಗಳೂ ದಪ್ಪ. ಎರಡೂ ಕಂದುಬಣ್ಣದ ಮಚ್ಚೆಗಳುಳ್ಳವು. ಎರಡೂ ಸುರುಳಿ ಸುತ್ತಿ ಮಲಗುವವು. ಕೊಳಕುಮಂಡಲವು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಅವೂ ಹೆಚ್ಚಾಗಿ ಕಾಣುವುದು ಮುಂಗಾರಿನಲ್ಲಿಯೇ. ಹೀಗೆ ಹೆಬ್ಬಾವಿನ ಮರಿಗಳ ಕಾಲವೂ ಮಂಡಲದ ಮರಿಗಳ ಕಾಲವೂ ಒಂದಾಗುತ್ತವೆ. ಆದರೆ ಗಮನವಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟ. ಕೊಳಕುಮಂಡಲದ ಬೆನ್ನಿನ ಮೇಲೆ ಕಪ್ಪು ಅಂಚಿನ ಅಂಡಾಕಾರದ ಮಚ್ಚೆಗಳು ಸರಪಳಿಯ ಕೊಂಡಿಗಳಂತೆ ಮೂರು ಸಾಲುಗಳಲ್ಲಿ ಕ್ರಮವಾಗಿರುತ್ತವೆ. ಹೆಬ್ಬಾವಿನ ಮಚ್ಚೆಗಳಿಗೆ ಆ ಕ್ರಮವಿಲ್ಲ. ತೇಪೆ ಹಾಕಿದ ಕಂಬಳಿಯಂತೆ ಅಂಕುಡೊಂಕಾಗಿರುತ್ತವೆ. ಮಂಡಲದ ಹುರುಪೆಗಳು ಏಣುಳ್ಳವು, ಮೈ ಒರಟು. ಹೆಬ್ಬಾವಿನ ಮೈ ನುಣುಪು, ಹೊಳಪು. ಹೆಬ್ಬಾವಿನ ತಲೆಯ ಮೇಲೆ ಈಟಿಯ ಮೊನೆಯಂಥ ಗುರುತಿದೆ. ಮಂಡಲವು ಕೆಣಕಿದರೆ ಕುಕ್ಕರಿನ ಸೀಟಿಯಂತೆ ಗಟ್ಟಿಯಾಗಿ ಬುಸುಗುಟ್ಟುತ್ತದೆ. ಇವನ್ನೆಲ್ಲ ದೂರದಿಂದ ನೋಡಿ ತಿಳಿಯಬೇಕೇ ಹೊರತು ಹತ್ತಿರ ಹೋಗಿ ಪರೀಕ್ಷಿಸಬಾರದು. ಸಂದೇಹವಿದ್ದಲ್ಲಿ ಮಂಡಲವೆಂದೇ ಭಾವಿಸಿ ಹಿಂದೆ ಸರಿಯುವುದು ಕ್ಷೇಮ.

ಭಾರತದಲ್ಲಿ ೨೦೦೦ದಿಂದ ೨೦೧೯ರ ವರೆಗೆ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ ೫೮,೦೦೦ ಮಂದಿಯೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ. ಇವರಲ್ಲಿ ಬಹುಮಂದಿ ಹಳ್ಳಿಗಳವರು. ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುವ ಹಾವುಗಳಲ್ಲಿ ಕೊಳಕುಮಂಡಲ ಮುಖ್ಯವಾದುದು. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ಕಡಿತಕ್ಕೆ ಔಷಧವೆಂದರೆ ಆಸ್ಪತ್ರೆಯ ಪ್ರತಿವಿಷವೊಂದೇ. 'ಹೆಬ್ಬಾವಿನ ಮರಿ ಕಚ್ಚಿತು, ಚಿಂತೆಯಿಲ್ಲ' ಎಂದು ಮನೆಯಲ್ಲಿ ಕುಳಿತವನು ಒಂದು ತಪ್ಪು ಹೆಸರಿಗಾಗಿ ಪ್ರಾಣವನ್ನೇ ತೆರಬೇಕಾದೀತು. ತಪ್ಪು ಇನ್ನೊಂದು ದಿಕ್ಕಿನಲ್ಲಿಯೂ ನಡೆಯುತ್ತದೆ: ಮಂಡಲವೆಂದು ಹೆದರಿ ಹೆಬ್ಬಾವಿನ ಮರಿಯನ್ನು ಬಡಿದು ಕೊಲ್ಲುವುದುಂಟು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿರುವ ಹೆಬ್ಬಾವನ್ನು ಕೊಲ್ಲುವುದು ಅಪರಾಧ. ಹೆಗ್ಗಣಗಳ ಕಾಟವುಳ್ಳ ಗದ್ದೆಯ ಒಡೆಯನಿಗೆ ನಷ್ಟವೂ ಹೌದು.

ಹೆಸರುಗಳ ಅಲೆದಾಟವನ್ನು ತಡೆಯುವುದು ಯಾರಿಂದಲೂ ಆಗದು; ತಡೆಯಬೇಕಾದ ಅಗತ್ಯವೂ ಇಲ್ಲ. ಯಾವ ಹೆಸರು ಎಲ್ಲಿ ಯಾವುದನ್ನು ಸೂಚಿಸುತ್ತದೆಂಬ ತಿಳಿವಳಿಕೆ ಮಾತ್ರ ಕಳೆದುಹೋಗಬಾರದು. ಆ ತಿಳಿವಳಿಕೆಯ ಬಹುಭಾಗವು ಗ್ರಂಥಗಳಲ್ಲಿಲ್ಲ. ಹಳ್ಳಿಯ ಹಿರಿಯರ ಬಾಯಿಯಲ್ಲಿದೆ. ಒಂದೊಂದು ಊರಿನಲ್ಲಿ ಹಾವುಗಳಿಗಿರುವ ಹೆಸರುಗಳನ್ನು, ಆ ಹೆಸರಿನಿಂದ ಗುರುತಿಸುವ ಹಾವಿನ ಬಣ್ಣ, ಮಚ್ಚೆ, ನಡತೆಗಳ ವಿವರಣೆಯೊಡನೆ ನಮ್ಮ ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ಬರೆದಿಡತೊಡಗಿದರೆ ಅದು ಚರಿತ್ರೆಗೂ ಭಾಷಾಶಾಸ್ತ್ರಕ್ಕೂ ವೈದ್ಯಕ್ಕೂ ಸಮಾನವಾಗಿ ಸಲ್ಲುವ ಸಾಮಗ್ರಿಯಾಗುತ್ತದೆ. ತಲ್ಲೂರಿನ ಆ ಅಜ್ಜಿ ಸುಶ್ರುತನನ್ನು ಓದಿದವರಲ್ಲ. ಆದರೆ ಆ ಹೊತ್ತು ಮೂವರು ಹುಡುಗರ ಕೈ ಹಿಂದಕ್ಕೆ ಸರಿದುದು ಅವರಿಗೆ ಸರಿಯಾದ ಹೆಸರು ತಿಳಿದಿದ್ದುದರಿಂದ.